ನೀರು ಸಾರು, ಬಾರೇ

ನಮ್ಮ ಮನೆಯಲ್ಲಿ ‘ಬಾರೇ’ ಎಂದರೆ ಊಟಕ್ಕೆ ಬಾ ಎಂದರ್ಥ. ಹುಡುಗ, ಹುಡುಗಿ, ಪಾದ್ರಿ, ಇನ್ಶೂರೆನ್ಸ್ ಏಜೆಂಟು, ಯಾರಿಗಾದರೂ ಅದೇ. ಸಿಟಿಯ ಹೊರವಲಯದ ಹೆಂಪ್‌ಸ್ಟೆಡ್‌ನ ನಮ್ಮ ಬೀದಿಯ ಪೋಸ್ಟ್‌ಮ್ಯಾನಿಗೂ ಒಮ್ಮೆ ‘ಬಾರೇ’ ಅಂದಿದ್ದೆವು. ಆರಡಿ ಎತ್ತರದ ಮೀಸೆಯವನು. ಬಂದ, ಎರಡು ಸಲ ಬಡಿಸಿಕೊಂಡ.

ಈ ಮಾತು ನಮಗೆ ಸಿಕ್ಕಿದ್ದು ಒಂದು ಪ್ಲೇಟಿನಿಂದ. ಊಟದ್ದಲ್ಲ, ಹಾಡಿನ ಪ್ಲೇಟು. ನನ್ನ ಅಮ್ಮನ ಅಕ್ಕ ಅರ್ಲೀನ್ ದೊಡ್ಡಮ್ಮ ಕೆರೊಲಿನಾದಿಂದ ಬಂದ ಹೊಸದರಲ್ಲಿ, ಸ್ಕೂಲ್ ಬಸ್ಸಿನ ಸ್ಟೀರಿಂಗು ಹಿಡಿಯುವುದಕ್ಕಿಂತ ಮುಂಚೆ, ಸಿಟಿಯ ಯಾವುದೋ ಪುಟಾಣಿ ಕಂಪನಿಗೆ ಹಾಡಿದ್ದ ಒಂದೇ ಒಂದು ಹಾಡು ಅದರಲ್ಲಿತ್ತು. ಪ್ಲೇಟಿನ ಮೇಲೊಂದು ಗೀರು. ಪಿಟೀಲು ಕುಯ್ಯೋ ಅಂತ ಶುರುವಾಗಿ ದೊಡ್ಡಮ್ಮನ ದನಿ ಬಂದು ಒಂದು ಸಾಲು ಮುಗಿಯುವಷ್ಟರಲ್ಲಿ ಸೂಜಿ ಸಿಕ್ಕಿಹಾಕಿಕೊಳ್ಳುತ್ತಿತ್ತು: ‘ನೀರು ಸಾರು, ಟಕ್. ನೀರು ಸಾರು, ಟಕ್. ನೀರು ಸಾರು, ಟಕ್.’ ಯಾರಾದರೂ ನೆಲವನ್ನು ಧಡ್ ಎಂದು ಒದೆಯುವ ತನಕ ಅದೇ. ಒದ್ದ ಕೂಡಲೇ ಸೂಜಿ ನೆಗೆದು ಹಾಡಿನ ಕೊನೆಗೆ ಬೀಳುತ್ತಿತ್ತು: ‘ಬಾರೇ!’

ಭಾನುವಾರ ಚರ್ಚಿನಿಂದ ಬಂದ ಮೇಲೆ ದೊಡ್ಡಮ್ಮ ಒಲೆಯ ಮೇಲೆ ಕಾಲರ್ಡ್ ಸೊಪ್ಪು, ಹೊಗೆ ಹಾಕಿದ ಹಂದಿಕಾಲು ಬೇಯಲಿಟ್ಟು ಈ ಪ್ಲೇಟು ಹಾಕುತ್ತಿದ್ದರು. ಮಕ್ಕಳು ಕುಣಿಯುವುದು, ಒದೆಯುವ ಸರದಿಗೆ ಜಗಳವಾಡುವುದು, ‘ಬಾರೇ’ ಕೇಳಿದೊಡನೆ ಮೇಜಿಗೆ ಓಡುವುದು. ಸೊಪ್ಪು ಬೆಂದ ಸಾರಿಗೆ ಮೆಕ್ಕೆಜೋಳದ ಬ್ರೆಡ್ಡು ಅದ್ದಿ ತಿನ್ನುತ್ತಿದ್ದೆವು. ಹಾಗಾಗಿ ಅದು ಸಾರಿನ ಹಾಡು ಎನ್ನುವುದರಲ್ಲಿ ನಮಗೆ ಅನುಮಾನವೇ ಇರಲಿಲ್ಲ. ಸಾರಿನ ಬಗ್ಗೆ ಅಲ್ಲದೆ ಇನ್ನು ಯಾವುದರ ಬಗ್ಗೆ ಹಾಡುತ್ತಾರೆ?

ದೊಡ್ಡವರಾದ ಮೇಲೂ ಬರಲಿಲ್ಲ ಅನುಮಾನ. ನಾನು ಕಾಲೇಜಿನಲ್ಲಿ ಭಾಷಾಶಾಸ್ತ್ರ ಓದಿದವನು, ನನಗೂ ಬರಲಿಲ್ಲ.

ಎಂಬತ್ತೊಂಬತ್ತರ ಬೇಸಿಗೆಯಲ್ಲಿ ನಾವು ಮೂವರು ಗೆಳೆಯರು ರ‍್ಯಾಪ್ ಆಲ್ಬಮ್ ಮಾಡುತ್ತಿದ್ದೆವು. ಪ್ಲೇಟು ತಿರುಗಿಸಲು ಕೆಲ್ವಿನ್, ಪದ ತಿರುಗಿಸಲು ಲಿಂಡೆಲ್, ದನಿ ತಿರುಚಲು ನಾನು, ಅಂದರೆ ಥರ್ಮನ್. ನಮ್ಮ ತಂಡದ ಹೆಸರು ‘ಇನ್ನೊಬ್ರು ಬರ್ತಾರೆ’. ಮೊದಲ ಸಲ ಒಂದು ಮದುವೆ ಪಾರ್ಟಿಗೆ ಹೋದಾಗ ಹುಡುಗಿಯ ಅಪ್ಪ ನಮ್ಮನ್ನು ಮೇಲಿಂದ ಕೆಳಗೆ ನೋಡಿ, “ಇಷ್ಟೇ ಜನಾನಾ?” ಅಂದಿದ್ದ. “ಇನ್ನೊಬ್ರು ಬರ್ತಾರೆ ಸಾರ್” ಅಂದುಬಿಟ್ಟಿದ್ದೆ. ಯಾರೂ ಬರಲಿಲ್ಲ. ಆ ಕೊರತೆ ತುಂಬಲು ನಾನೇ ಪಾದ್ರಿಯಾಗಿ, ಟಿಕೆಟ್ ಕಲೆಕ್ಟರ್ ಆಗಿ, ಹುಡುಗಿಯ ಅಪ್ಪನೇ ಆಗಿ ಮಾತಾಡಿದೆ. ಅಲ್ಲಿಂದ ಹಾಡು ಹಾಡಿನ ನಡುವೆ ನನ್ನ ಮಿಮಿಕ್ರಿ ಖಾಯಂ ಆಯಿತು.

ಆಗೆಲ್ಲ ರ‍್ಯಾಪ್ ಆಲ್ಬಮ್‌ಗಳ ಕವರಿನ ಮೇಲೆ ಹುಬ್ಬು ಗಂಟಿಕ್ಕಿ, ತೋಳು ಕಟ್ಟಿ ನಿಲ್ಲುವುದು ವಾಡಿಕೆ. ನಾವೂ ನಿಂತೆವು. ಲಿಂಡೆಲ್‌ಗೆ ನಗು ಬಂತು. ಮತ್ತೆ ನಿಂತೆವು. ಈ ಸಲ ಫೋಟೋ ತೆಗೆಯುವವನಿಗೇ ನಗು ಬಂತು. ಬೇರೆ ರ‍್ಯಾಪ್ ತಂಡದವರಿಗೆಲ್ಲ ಕುತ್ತಿಗೆಯಲ್ಲಿ ಚಿನ್ನದ ಸರಪಳಿ, ನಮಗೆ ಕುತ್ತಿಗೆ ಉಳುಕಿದ್ದಷ್ಟೇ ಲಾಭ. ಕೊನೆಗೆ ಹೂವಿನ ಶರಟು ಹಾಕಿಕೊಂಡು, ನಗು ಬಂದಂತೆ ನಕ್ಕೆವು. ಹಾಡುಗಳೂ ಹಾಗೇ: ಲಾಂಡ್ರಿಯಲ್ಲಿ ಕಳೆದುಹೋದ ಒಂಟಿ ಕಾಲ್ಚೀಲದ ಮೇಲೊಂದು, ಸಿಟಿಗೆ ಹೋಗುವ ದಾರಿಯ ಜಮೈಕಾ ಸ್ಟೇಷನ್ನಿನಲ್ಲಿ ತಪ್ಪು ಗಾಡಿ ಹತ್ತಿದ್ದರ ಮೇಲೊಂದು. ಎಲ್ಲಕ್ಕಿಂತ ಮುಖ್ಯವಾದದ್ದು, ಯಾವುದರ ಹೆಸರನ್ನು ಆಲ್ಬಮ್ಮಿಗೂ ಇಟ್ಟಿದ್ದೆವೋ ಆ ಹಾಡು, ‘ನೀರು ಸಾರು’. ದೊಡ್ಡಮ್ಮನಿಂದ ಪ್ಲೇಟು ಕೇಳಿ ತಂದಿದ್ದ ಕೆಲ್ವಿನ್ ಆ ಸಿಕ್ಕಿಹಾಕಿಕೊಂಡ ತುಣುಕನ್ನು ಹಾಗೇ ತಿರುಗಲು ಬಿಟ್ಟು ಕೆಳಗೊಂದು ಡ್ರಮ್ಮು ಸೇರಿಸಿದ. ಅದರ ಮೇಲೆ ಲಿಂಡೆಲ್:

ಬಸ್ಸಿಗೆ ಕಾದವ ಬಾಸ್ ಆಗಲಿಲ್ಲ,
ಬಾಸಿಗೆ ಕಾದವಗೆ ಬಸ್ ಸಿಗಲಿಲ್ಲ,
ಸಾಲಲಿ ನಿಂತರೆ ಸಾರು ಸಿಗಲಿಲ್ಲ,
ಸಾರು ಕುಡಿದವ ಸಾಲು ಬಿಡಲಿಲ್ಲ.

ನೀರು ಸಾರು, ಟಕ್. ಕೇಳಿದವರ ಹೆಗಲು ಅವರ ಅಪ್ಪಣೆ ಕೇಳದೆ ಕುಣಿಯುತ್ತಿತ್ತು. ರೆಕಾರ್ಡ್ ಕಂಪನಿಯವರು ನಮ್ಮನ್ನು ಒಪ್ಪಿಕೊಂಡಿದ್ದೇ ಈ ಹಾಡು ಕೇಳಿ. ಸೋಮವಾರ ಸಂಜೆಯೊಳಗೆ ಪೂರ್ತಿ ಟೇಪು ಅವರ ಕೈಯಲ್ಲಿರಬೇಕಿತ್ತು.

ಶುಕ್ರವಾರ ನಮ್ಮ ರೆಕಾರ್ಡಿಂಗ್ ಮಾಡುತ್ತಿದ್ದ ಮಾರ್ಟಿ ಮೂಗು ಮುರಿದ. ಮಾರ್ಟಿ ಹಳೆಯ ಕಾಲದ ಎಂಜಿನಿಯರು, ಧೂಳೆಂದರೆ ವೈರಿ.

“ಈ ಟಕ್ ಟಕ್ ಏನ್ರೋ? ಮರಕುಟಿಗ ಸಾಕಿದೀರಾ? ಇದರದ್ದೇ ಗೀರಿಲ್ಲದ ಪ್ಲೇಟು ತನ್ನಿ. ಮಿಷನ್ನಲ್ಲಿ ನಾನೇ ಕ್ಲೀನಾಗಿ ತುಂಡು ಮಾಡ್ಕೊಡ್ತೀನಿ.”

“ಗೀರು ತೆಗೆದ್ರೆ ಹಾಡೇ ಹೋಗುತ್ತೆ” ಅಂದ ಕೆಲ್ವಿನ್.

“ಗೀರು ಹಾಡಲ್ಲ ಕಣೋ.”

“ನಮ್ಮನೇಲಿ ಹಾಡುತ್ತೆ” ಅಂದೆ ನಾನು.

ಆದರೂ ಕೆಲ್ವಿನ್ ಹಳೇ ಪ್ಲೇಟಿನ ಅಂಗಡಿಗಳನ್ನೆಲ್ಲ ಜಾಲಾಡಿ ಶನಿವಾರ ಒಂದನ್ನು ಹಿಡಿದು ತಂದ. ಕವರಿಲ್ಲ, ಆದರೆ ಮೈ ಕನ್ನಡಿಯಂತೆ. ಮಾರ್ಟಿ ಒರೆಸಿ, ಊದಿ, ಸೂಜಿ ಇಳಿಸಿದ. ಪಿಟೀಲು ಬಂತು. ದೊಡ್ಡಮ್ಮ ಬಂದರು, ನಮಗಿಂತ ಚಿಕ್ಕ ವಯಸ್ಸಿನ ದೊಡ್ಡಮ್ಮ. ಆ ಜಾಗ ಬಂದಾಗ ನನ್ನ ಕಾಲು ಒದೆಯಲು ತಾನಾಗಿ ಎದ್ದಿತ್ತು. ಸೂಜಿ ನಿಲ್ಲಲಿಲ್ಲ, ಹೋಗುತ್ತಲೇ ಇತ್ತು:

‘ಕಣ್ಣೀರು ಸಾರುತಿದೆ, ಇನ್ನು ನೀ ಬಾರೆ.’

ಆಮೇಲೆ ಎರಡನೇ ಚರಣ. ಎರಡನೇ ಚರಣ ಅಂತ ಒಂದಿತ್ತು! ಖಾಲಿ ಕುರ್ಚಿ, ಆರಿದ ದೀಪ, ತೆರೆದೇ ಇಟ್ಟ ಕಿಟಕಿ. ಇಷ್ಟು ವರ್ಷ ನಾವು ನೆಲ ಒದ್ದು ಅದನ್ನೆಲ್ಲ ಹಾರಿಸಿಬಿಟ್ಟಿದ್ದೆವು. ಕೊನೆಗೆ ಮತ್ತೆ, ‘ಇನ್ನು ನೀ ಬಾರೆ’. ಬಾ ಎಂದು ಕರೆದದ್ದಲ್ಲ. ನೀನು ಬರುವುದಿಲ್ಲ ಎಂದು ಗೊತ್ತಾದದ್ದು.

ಗೀರಿಗೆ ಸಿಕ್ಕಿ ಕಣ್ಣೀರಿನ ‘ಕಣ್’ ಉದುರಿಹೋಗಿತ್ತು. ಣಕಾರ ಸವೆದು ನಕಾರವಾಗಿತ್ತು. ಒಬ್ಬ ಹೆಂಗಸು ಅತ್ತಿದ್ದನ್ನು ನಾವು ಸಾರು ಮಾಡಿ ಕುಡಿದಿದ್ದೆವು.

ಲಿಂಡೆಲ್ ಹೂವಿನ ಶರಟಿನ ಗುಂಡಿ ತಿರುವುತ್ತ ಕೂತಿದ್ದ. “ಮಗಾ, ಇದು ಸಾರಲ್ಲ.”

“ಹೂಂ.”

“ಜನ ಇದಕ್ಕೆ ಕುಣೀತಾರೆ.”

“ಗೊತ್ತು ಕಣೋ.”

“ಹಾಡು ಬಳಸ್ಬಹುದಾ ಅಂತ ಕೇಳಿದೀಯಾ ದೊಡ್ಡಮ್ಮನ್ನ?”

ಕೇಳಿರಲಿಲ್ಲ. ಕೇಳುವುದಕ್ಕೆ ಏನಿದೆ ಅಂದುಕೊಂಡಿದ್ದೆವು. ಮಾರ್ಟಿ ಕ್ಲೀನಾದ ತುಣುಕನ್ನು ತಿರುಗಿಸಿ ತೋರಿಸಿದ. ನೀರು ಸಾರು, ನೀರು ಸಾರು. ಟಕ್ ಇಲ್ಲ. ಯಾರ ಹೆಗಲೂ ಅಲ್ಲಾಡಲಿಲ್ಲ, ಮಾರ್ಟಿಯದೂ. ಗೀರಿನ ಪ್ಲೇಟೇ ಬೇಕು. ದೊಡ್ಡಮ್ಮ ಹೂಂ ಅಂದರೆ ಹಾಡು ಇದೆ, ಉಹೂಂ ಅಂದರೆ ಇಲ್ಲ. ಅಷ್ಟನ್ನು ಮೂವರೂ ಒಪ್ಪಿಕೊಂಡೆವು.

ಭಾನುವಾರ ಊಟಕ್ಕೆ ಹೋದೆವು. ದೊಡ್ಡಮ್ಮ ಚರ್ಚಿನ ಹ್ಯಾಟು ತೆಗೆದಿಟ್ಟು ಬಡಿಸುತ್ತಿದ್ದರು. ನಾನು ಕ್ಯಾಸೆಟ್ ಹಾಕಿದೆ. ಲಿಂಡೆಲ್‌ನ ಬಸ್ಸು ಬಾಸು ಬಂದಾಗ ಅವರ ತುಟಿ ಸ್ವಲ್ಪ ಓರೆಯಾಯಿತು. ತಮ್ಮ ದನಿ ಬಂತು, ನೀರು ಸಾರು, ನೀರು ಸಾರು. ಸೌಟು ನಿಂತಿತು.

“ಇದನ್ನ ಅಂಗಡೀಲಿ ಮಾರ್ತೀರಾ?”

“ಹೂಂ ದೊಡ್ಡಮ್ಮ. ನೀವು ಒಪ್ಪಿದ್ರೆ.”

“ರೇಡಿಯೋದಲ್ಲೂ ಬರುತ್ತಾ?”

“ಅದೃಷ್ಟ ಇದ್ರೆ.”

“ಚರ್ಚಿನೋರೂ ಕೇಳ್ತಾರೆ?”

“ಕಿವಿ ಇರೋರೆಲ್ಲ ಕೇಳ್ತಾರೆ” ಅಂದ ಕೆಲ್ವಿನ್, ಖುಷಿಯಾಗಲಿ ಅಂತ.

“ಬೇಡ.”

“ದೊಡ್ಡಮ್ಮ, ನಾವು ಬೇಕು ಅಂತ…”

“ಬೇಡ ಅಂದ್ರೆ ಬೇಡ. ಬ್ರೆಡ್ಡು ತಗೋ. ನನ್ನ ಪ್ಲೇಟೆಲ್ಲಿ?”

“ಸಿಟೀಲಿ, ಸ್ಟುಡಿಯೋದಲ್ಲಿ.”

“ನಾಳೆ ನಾನೇ ಬಂದು ತಗೊಂಡ್ ಹೋಗ್ತೀನಿ. ಸ್ಕೂಲಿಗೆ ರಜ, ಬಸ್ಸು ಶೆಡ್ಡಲ್ಲಿದೆ, ನನಗೇನು ಕೆಲಸ.”

ಪ್ಲೇಟಿನಿಂದ ಬಂದದ್ದೂ ನಕಾರ, ದೊಡ್ಡಮ್ಮನಿಂದ ಬಂದದ್ದೂ ನಕಾರ. ನಾವು ತಲೆ ತಗ್ಗಿಸಿ ಉಂಡೆವು. ನಾನು ಅವರ ಮುಖದಲ್ಲಿ ಆ ಖಾಲಿ ಕುರ್ಚಿ, ಆರಿದ ದೀಪ ಎಲ್ಲ ಹುಡುಕುತ್ತಿದ್ದೆ. ಅವರು ನನ್ನ ತಟ್ಟೆಯನ್ನು ನೋಡುತ್ತಿದ್ದರು, ಸಾರು ಮುಗಿಸಿದೆನೋ ಇಲ್ಲವೋ ಎಂದು.

ಸೋಮವಾರ ಬೆಳಿಗ್ಗೆ ಸ್ಟುಡಿಯೋದಲ್ಲಿ ಮೂವರ ಮುಖವೂ ಆ ಹುಬ್ಬು ಗಂಟಿಕ್ಕುವ ಕವರ್ ಫೋಟೋಗೆ ಕೊನೆಗೂ ಸರಿಹೋಗುವ ಹಾಗಿತ್ತು. ಆಲ್ಬಮ್ಮಿನ ನಡುವೆ ಒಂದು ಹಾಡಿನಷ್ಟು ತೂತು. ಅದನ್ನು ಮುಚ್ಚಲು ಏನಾದರೂ ಬೇಕಲ್ಲ? ನನಗೆ ಬರುವುದು ಒಂದೇ. ಮೈಕಿನ ಮುಂದೆ ನಿಂತು ದೊಡ್ಡಮ್ಮನ ದನಿ ತೆಗೆದೆ. ಹಾಡು ಕೇಳಲು ಬಂದವರನ್ನು ಸ್ಕೂಲ್ ಬಸ್ಸಿನ ಮಕ್ಕಳಂತೆ ಗದರಿಸಿ ವಾಪಸು ಕಳಿಸುವ ದೊಡ್ಡಮ್ಮ:

“ಹಾಡೂ ಇಲ್ಲ, ಗೀಡೂ ಇಲ್ಲ. ಇಳೀರಿ! ಲೋ ಹಿಂದಿನ ಸೀಟು, ನಿನಗೇ ಹೇಳ್ತಿರೋದು. ಕಿಟಕಿ ಹೊರಗಡೆ ಕೈ ಹಾಕಿದ್ರೆ ಕೈನ ಬಿಟ್ಟು ಬಸ್ಸು ಮುಂದಕ್ಕೆ ಹೋಗುತ್ತೆ!”

ಮಾರ್ಟಿ ಅದನ್ನು ಮತ್ತೆ ಹಾಕಿ ಕೇಳಿಸಿದ. ಕೆಲ್ವಿನ್ ಬೆಳಿಗ್ಗೆಯಿಂದ ಮೊದಲ ಸಲ ನಕ್ಕ. ಅಷ್ಟರಲ್ಲಿ ಬಾಗಿಲಿನಿಂದ ಅದೇ ದನಿ:

“ಯಾರಿವಳು?”

ದೊಡ್ಡಮ್ಮ ಚರ್ಚಿನ ಹ್ಯಾಟಿನಲ್ಲಿ ನಿಂತಿದ್ದರು. ಸಿಟಿಗೆ ಬರುವುದೆಂದರೆ ಅವರಿಗೆ ಹ್ಯಾಟು ಬೇಕೇ ಬೇಕು.

“ನೀವೇ ದೊಡ್ಡಮ್ಮ” ಅಂದೆ. ಬೇರೆ ಏನು ಹೇಳಲಿ?

“ನಾನಾ? ಇವಳಿಗೆ ನೆಗಡಿ. ನಾನು ಮೂಗಲ್ಲಿ ಬೈತೀನಾ? ಬೈಗುಳ ಹೊಟ್ಟೆಯಿಂದ ಬರ್ಬೇಕು ಕಣೋ ಥರ್ಮನ್, ಇಲ್ದಿದ್ರೆ ಹಿಂದಿನ ಸೀಟಿಗೆ ಮುಟ್ಟಲ್ಲ.” ಅವರು ಹ್ಯಾಟು ಸರಿಪಡಿಸಿಕೊಂಡರು. “ಎಲ್ಲಿ ನನ್ನ ಪ್ಲೇಟು?”

ಕೆಲ್ವಿನ್ ಎರಡು ಕೈಯಲ್ಲಿ ಹಿಡಿದು ಕೊಟ್ಟ. ನನಗೆ ತಡೆಯಲಾಗಲಿಲ್ಲ.

“ದೊಡ್ಡಮ್ಮ, ತಪ್ಪಾಯ್ತು. ಅದು ಅಳೋ ಹಾಡು ಅಂತ ನಮಗೆ ಗೊತ್ತಿರ್ಲಿಲ್ಲ. ನಿಮ್ಮ ಕಣ್ಣೀರನ್ನ ತಮಾಷೆ ಮಾಡಿದ್ವಿ.”

“ಯಾವ ಕಣ್ಣೀರು?”

“ಹಾಡಲ್ಲಿರೋದು.”

“ಅಯ್ಯೋ, ಆ ಕಣ್ಣೀರು ಯಾರಿಗೆ ಬೇಕು! ಕಣ್ಣೀರಿಗೆ ಯಾಕೆ ಬೇಡ ಅಂತೀನಿ? ನೀರು ಸಾರು ಅಂದಿದೀರಲ್ಲ, ಅದಕ್ಕೆ ಅಂದಿದ್ದು!”

ನಮಗೆ ಅರ್ಥವಾಗಲಿಲ್ಲ. ದೊಡ್ಡಮ್ಮ ಪ್ಲೇಟನ್ನು ಎದೆಗೊತ್ತಿಕೊಂಡು ಕುರ್ಚಿಯಲ್ಲಿ ಕೂತರು.

“ಒಡೆಸ್ಸಾ ಪ್ಯೂ ಗೊತ್ತಲ್ಲ, ನಮ್ಮ ಚರ್ಚಿನೋಳು? ಎಲ್ಲರೂ ಅಡುಗೆ ಮಾಡ್ಕೊಂಡು ಬರೋ ಊಟದ ದಿನ ನನ್ನ ಪಾತ್ರೆ ಪಕ್ಕದಲ್ಲೇ ಅವಳ ಪಾತ್ರೆ ಇಡ್ತಾಳೆ. ಎಷ್ಟೋ ವರ್ಷದಿಂದ ಎಲ್ಲರ ಕಿವೀಲೂ ಹೇಳ್ಕೊಂಡು ಬಂದಿದಾಳೆ, ಅರ್ಲೀನ್ ಸಾರು ನೀರು, ಅರ್ಲೀನ್ ಸಾರು ನೀರು ಅಂತ. ಒಬ್ಬರೂ ನಂಬಿಲ್ಲ. ಈಗ ನೀವು ಅದನ್ನ ನನ್ನ ಬಾಯಲ್ಲೇ ಹೇಳ್ಸಿದೀರಾ! ಒಂದು ಸಲ ಅಲ್ಲ, ಹಾಡು ಮುಗಿಯೋವರ್ಗೂ! ರೇಡಿಯೋದಲ್ಲಿ! ಅವಳು ಸಾಯೋವರ್ಗೂ ನಗ್ತಾಳೆ. ನಾನು ಸತ್ತ ಮೇಲೂ ನಗ್ತಾಳೆ.”

ಲಿಂಡೆಲ್ ಬಾಯಿ ಮುಚ್ಚಿಕೊಂಡು ಗೋಡೆಯ ಕಡೆ ತಿರುಗಿದ. ಅವನ ಬೆನ್ನು ನಗುತ್ತಿತ್ತು.

“ಮನೇಲಿ ಅಷ್ಟು ವರ್ಷ ನಾವು ಹಾಗೇ ಹಾಡ್ತಿದ್ವಲ್ಲ ದೊಡ್ಡಮ್ಮ?”

“ಮನೇಲಿ ಹಾಡಿದ್ದಕ್ಕೂ ಮಾರ್ಕೆಟ್ಟಲ್ಲಿ ಹಾಡಿದ್ದಕ್ಕೂ ವ್ಯತ್ಯಾಸ ಇಲ್ವೇನೋ? ಕಾಲೇಜಲ್ಲಿ ಏನು ಕಲಿಸಿದ್ರು ನಿಂಗೆ?”

ಈ ಗಡಿಬಿಡಿಯಲ್ಲಿ ಮಾರ್ಟಿ ಯಾವುದೋ ಗುಂಡಿ ಒತ್ತಿದ. ಗೀರಿಲ್ಲದ ಪ್ಲೇಟು ಶುರುವಾಯಿತು. ಮಾರ್ಟಿ ಹಾರಿ ಆರಿಸಲು ಹೋದ, ದೊಡ್ಡಮ್ಮ ಕೈ ಎತ್ತಿ ತಡೆದರು. ಹಾಡು ಪೂರ್ತಿ ಹೋಯಿತು. ಖಾಲಿ ಕುರ್ಚಿ, ಆರಿದ ದೀಪ, ಕಿಟಕಿ. ಇನ್ನು ನೀ ಬಾರೆ. ಪಿಟೀಲು ನಿಂತಿತು. ದೊಡ್ಡಮ್ಮ ಹ್ಯಾಟಿನ ಪಿನ್ನು ತೆಗೆದು ಮತ್ತೆ ಚುಚ್ಚಿಕೊಂಡರು.

“ಈ ಹುಡುಗಿ ಊಟ ಮಾಡಿಲ್ಲ ಅನ್ಸುತ್ತೆ” ಅಂದರು.

ಕೈಯಲ್ಲಿದ್ದ ಪ್ಲೇಟಿನ ಗೀರಿನ ಮೇಲೆ ಬೆರಳಾಡಿಸಿದರು.

“ನಿಜವಾಗ್ಲೂ ಮಾಡಿರ್ಲಿಲ್ಲ. ಇನ್ನು ನೀ ಬಾರೆ ಅಂದಿದೀನಲ್ಲ, ಅವನು ಹೋದ ಮೇಲೆ ಒಂದು ದಿನ ಈ ಪ್ಲೇಟು ನೋಡಿ ಮೈಯೆಲ್ಲ ಉರೀತು. ತಲೆ ಪಿನ್ನು ತಗೊಂಡು ಗೀಚಿದೆ. ಹಾಳಾಗ್ಲಿ ಅಂತ. ಹಾಳಾಯ್ತಾ ನೋಡೋಣ ಅಂತ ಹಾಕಿದೆ. ನಿಮ್ಮಮ್ಮ ನಿನ್ನನ್ನ ಸೊಂಟದ ಮೇಲೆ ಕೂರಿಸ್ಕೊಂಡು ಬಂದಿದ್ಲು. ನೀರು ಸಾರು ಅಂತು ಅದು, ನೀನು ಕೆಳಗಿಳಿದು ಕುಣಿಯೋಕೆ ಶುರುಮಾಡ್ದೆ. ನಡೆಯೋಕೇ ಸರಿಯಾಗಿ ಬರ್ತಿರ್ಲಿಲ್ಲ, ಕುಣೀತಿದ್ದೆ. ಹಾಳು ಮಾಡೋಕೂ ಬರಲಿಲ್ಲ ನೋಡು ನನಗೆ.” ಅವರು ಮಾರ್ಟಿಯ ಕಡೆ ತಿರುಗಿದರು. “ಆವತ್ತು ಸೊಪ್ಪು ಬೇಯಿಸಿದೆ. ಗಟ್ಟಿ ಸಾರು. ಬರ್ಕೊಳ್ಳಿ, ಗಟ್ಟಿ.”

“ಬರ್ಕೊಂಡೆ ಮಿಸ್ ಅರ್ಲೀನ್” ಅಂದ ಮಾರ್ಟಿ, ಪೆನ್ನು ಹುಡುಕುತ್ತ.

ಆಗ ನನಗೆ ಹೊಳೆಯಿತು. “ದೊಡ್ಡಮ್ಮ, ಒಡೆಸ್ಸಾಗೆ ಉತ್ತರ ಕೊಡ್ಬೇಕು ಅಂದ್ರೆ ಈಗ ಎಲ್ಲಿ ಕೊಡ್ತೀರಾ?”

“ಚರ್ಚಲ್ಲಿ. ಪ್ರಾರ್ಥನೆ ಮುಗಿದ ಮೇಲೆ.”

“ಅಲ್ಲಿ ಎಷ್ಟು ಜನ ಕೇಳ್ತಾರೆ? ಇಲ್ಲಿ ಮೈಕಿದೆ.”

ದೊಡ್ಡಮ್ಮ ಮೈಕನ್ನು ನೋಡಿದರು. ಹ್ಯಾಟು ತೆಗೆದು ಲಿಂಡೆಲ್‌ನ ತಲೆಯ ಮೇಲಿಟ್ಟರು. ಗೀರಿನ ಪ್ಲೇಟನ್ನು ಕೆಲ್ವಿನ್‌ಗೆ ವಾಪಸು ಕೊಟ್ಟರು.

“ಹಾಕು.”

ಕೆಲ್ವಿನ್ ಹಾಕಿದ. ನೀರು ಸಾರು, ಟಕ್. ನೀರು ಸಾರು, ಟಕ್. ದೊಡ್ಡಮ್ಮ ಸರಿಯಾಗಿ ಟಕ್ಕಿನ ಮೇಲೆ ಬಂದರು, ಹೊಟ್ಟೆಯಿಂದ:

“ಯಾವನೋ ಅವನು ನೀರು ಅಂದೋನು? ಚಮಚ ನೆಟ್ಟಗೆ ನಿಲ್ಸಿ ನೋಡು! ನಿಂತ್ಕೊಳ್ಳುತ್ತೆ! ಒಡೆಸ್ಸಾ, ನಿನಗೇ ಹೇಳ್ತಿರೋದು, ಅಲ್ಲಿ ಹಿಂದಿನ ಸೀಟಲ್ಲಿ ಕೂತ್ಕೊಂಡು ನಗ್ಬೇಡ! ನಿನ್ನ ಸಾರಲ್ಲಿ ಮೀನು ಬಿಟ್ರೆ ಈಜುತ್ತೆ!”

ನಾನು ಇಷ್ಟು ವರ್ಷ ಮಿಮಿಕ್ರಿ ಮಾಡಿದ ದೊಡ್ಡಮ್ಮ ಆ ಕ್ಷಣಕ್ಕೆ ನೆಗಡಿ ಹಿಡಿದು ಮೂಲೆ ಸೇರಿದಳು.

ಉಳಿದದ್ದು ಕೊನೆಯ ‘ಬಾರೇ’. ಸೂಜಿ ನೆಗೆಯಬೇಕು. ನಾನು ಒದ್ದೆ, ಆಗಲಿಲ್ಲ. ಸ್ಟುಡಿಯೋದ ನೆಲಕ್ಕೆ ದಪ್ಪ ಕಾರ್ಪೆಟ್ಟು, ಕೆಳಗೆ ಕಾಂಕ್ರೀಟು. ಕೆಲ್ವಿನ್ ಒದ್ದ. ಲಿಂಡೆಲ್ ಹ್ಯಾಟು ಹಿಡಿದುಕೊಂಡು ಎರಡೂ ಕಾಲಲ್ಲಿ ನೆಗೆದ. ನೀರು ಸಾರು, ಟಕ್, ಅದರ ಪಾಡಿಗೆ ಅದು. “ಕೈಯಲ್ಲಿ ಎತ್ತಿ ಇಡ್ತೀನಿ ಬಿಡ್ರೋ” ಅಂದ ಮಾರ್ಟಿ. “ಕೈ ಮುಟ್ಟಿದ್ರೆ ಊಟ ಇಲ್ಲ” ಅಂದರು ದೊಡ್ಡಮ್ಮ. ಸ್ಕರ್ಟು ತುಸು ಎತ್ತಿ, ವರ್ಷಗಟ್ಟಲೆ ಬಸ್ಸಿನ ಬ್ರೇಕು ಒತ್ತಿದ ಬಲಗಾಲನ್ನು ಪ್ಲೇಟು ತಿರುಗುತ್ತಿದ್ದ ಮೇಜಿನ ಬುಡಕ್ಕೆ ಸರಿಯಾಗಿ ಕೊಟ್ಟರು. ಧಡ್.

‘ಬಾರೇ!’

ಆ ಧಡ್ ಈಗಲೂ ಆಲ್ಬಮ್ಮಿನಲ್ಲಿದೆ. ಹಿಂದೆಯೇ ಮಾರ್ಟಿ ನಕ್ಕದ್ದೂ ಇದೆ. ಅಷ್ಟು ಕ್ಲೀನು ಕ್ಲೀನು ಎನ್ನುವವನು ಅದನ್ನು ಒರೆಸಲಿಲ್ಲ.

ಆಲ್ಬಮ್ ಮುಂದಿನ ವಸಂತದಲ್ಲಿ ಹೊರಬಂತು. ರೇಡಿಯೋದಲ್ಲಿ ಬಂತು. ದೊಡ್ಡಮ್ಮನ ಬಸ್ಸಿನ ಮಕ್ಕಳಿಗೂ ಮುಟ್ಟಿತು. ಒಂದು ಬೆಳಿಗ್ಗೆ ಹಿಂದಿನ ಸೀಟು ‘ನೀರು ಸಾರು’ ಅಂತ ಶುರುಮಾಡಿತಂತೆ, ಮುಂದಿನ ಸೀಟು ‘ಟಕ್’ ಅಂತಂತೆ, ಆಮೇಲೆ ಅಷ್ಟೂ ಮಕ್ಕಳು ಒಟ್ಟಿಗೆ ನೆಲ ಒದ್ದರಂತೆ. “ಬಸ್ಸು ಬಿಚ್ಚಿ ಬೀದೀಲಿ ಬೀಳ್ಬೇಕಿತ್ತು” ಎಂದು ದೊಡ್ಡಮ್ಮ ದೂರಿದರು. “ನೀವೇನ್ ಮಾಡಿದ್ರಿ?” ಅಂದೆ. “ನಾನೇನ್ ಮಾಡ್ಲಿ? ಬಾರೇ ಅಂದೆ.”

ಚರ್ಚಿನಲ್ಲಿ ಒಡೆಸ್ಸಾ ಪ್ಯೂ ಒಂದು ತಿಂಗಳು ದೊಡ್ಡಮ್ಮನ ಜೊತೆ ಮಾತು ಬಿಟ್ಟರು. ಆಮೇಲೆ, ರೇಡಿಯೋದಲ್ಲಿ ಹೆಸರು ಬಂದದ್ದು ಚರ್ಚಿಗೆಲ್ಲ ತಮ್ಮೊಬ್ಬರದೇ ಎಂದು ಯಾರೋ ಹೇಳಿದ ಮೇಲೆ, ಹೋದಲ್ಲೆಲ್ಲ ಆ ಮೀನಿನ ಕಥೆಯನ್ನು ತಾವೇ ಹೇಳತೊಡಗಿದರು.

ತೊಂದರೆ ಆದದ್ದು ಭಾನುವಾರಗಳಿಗೆ. ಚಮಚ ನಿಲ್ಲುತ್ತದೋ ಇಲ್ಲವೋ ಎಂದು ಪರೀಕ್ಷೆ ಮಾಡಲು ಜನ ಬರತೊಡಗಿದರು. ಮೊದಲು ಕೆಲ್ವಿನ್‌ನ ಅಣ್ಣ, ಆಮೇಲೆ ಮಾರ್ಟಿ ಮತ್ತವನ ಹೆಂಡತಿ, ಪೋಸ್ಟ್‌ಮ್ಯಾನ್, ಬಸ್ಸಿನ ಮಕ್ಕಳ ತಾಯಂದಿರು, ಕೊನೆಗೆ ಒಂದು ದಿನ ಹ್ಯಾಟು ಹಾಕಿಕೊಂಡು, ಚೀಲದಲ್ಲಿ ತಮ್ಮದೇ ಚಮಚ ಇಟ್ಟುಕೊಂಡು ಒಡೆಸ್ಸಾ ಪ್ಯೂ. ಬಾಗಿಲು ತೆಗೆದಾಗಲೆಲ್ಲ ದೊಡ್ಡಮ್ಮ ಅಡುಗೆಮನೆಯಿಂದ, “ಮುಗೀತಾ?” ಎಂದು ಕೇಳುವುದು, ನಾವು, “ಇನ್ನೊಬ್ರು ಬರ್ತಾರೆ” ಎನ್ನುವುದು, ಅವರು ಗೊಣಗಿಕೊಂಡು ಪಾತ್ರೆಗೆ ಒಂದು ಲೋಟ ನೀರು ಸುರಿಯುವುದು.

ಒಡೆಸ್ಸಾ ಚಮಚ ನಿಲ್ಲಿಸಿದರು. ಎಲ್ಲರೂ ನೋಡಿದೆವು. ಅದು ನಿಧಾನಕ್ಕೆ, ಬಹಳ ಮರ್ಯಾದೆಯಿಂದ, ಒಂದು ಪಕ್ಕಕ್ಕೆ ಒರಗಿತು.

ಒಡೆಸ್ಸಾ ದೊಡ್ಡಮ್ಮನನ್ನು ನೋಡಿದರು. ಕಿಕ್ಕಿರಿದ ಮೇಜನ್ನು ನೋಡಿದರು. ಚಮಚವನ್ನು ಎತ್ತಿ, ಒರೆಸಿ, ಚೀಲಕ್ಕೆ ಹಾಕಿಕೊಂಡರು.

“ಇನ್ನೊಂದ್ ಸ್ವಲ್ಪ ಹಾಕು, ಅರ್ಲೀನ್” ಅಂದರು.